ಮುನ್ನೂರು ಡಿಗ್ರಿಯಲ್ಲಿ ಹನ್ನೊಂದು ವರ್ಷ

…ಆ ಕುರ್ಚಿ ಬೇಡ ಮೇಡಂ, ಅದರ ಒಂದು ಕಾಲು ಮುರಿದಿದೆ, ರಿಪೇರಿಗೆ ಬಂದಿದ್ದು. ಕುರ್ಚಿ ರಿಪೇರಿ ನನ್ನ ಕೆಲಸ ಅಲ್ಲ, ಆದ್ರೂ ತಂದಿಟ್ಟು ಹೋಗ್ತಾರೆ. ರಿಟೈರ್ ಆದವನ ವರಾಂಡದಲ್ಲಿ ಒಂದು ಸ್ಕ್ರೂಡ್ರೈವರ್ ಕಂಡ್ರೆ ಸಾಕು, ಇಡೀ ಬೀದಿಗೆ ತಮ್ಮ ಮನೇಲಿ ಕೆಟ್ಟಿರೋದೆಲ್ಲ ನೆನಪಾಗುತ್ತೆ. ಇಲ್ಲಿ, ಈ ಸ್ಟೂಲ್ ಮೇಲೆ ಕೂತ್ಕೊಳ್ಳಿ. ಹಾಂ. ಗುರುತು ಸಿಕ್ತಾ? ನಮ್ಮ ಲ್ಯಾಬಿಂದೇ. ಕದ್ದು ತಂದಿದ್ದಲ್ಲ, ಹಳೇ ಸಾಮಾನು ಹರಾಜು ಹಾಕಿದಾಗ ತಗೊಂಡೆ. ರಸೀದಿ ಬೇಕಿದ್ರೆ ತೋರಿಸ್ತೀನಿ… ಬೇಡ್ವಾ. ಸರಿ.

ಇಪ್ಪತ್ತೆಂಟು ವರ್ಷ ಒಂದೇ ಲ್ಯಾಬಲ್ಲಿ ಇದ್ವಿ, ನೀವು ಈ ಮನೆಗೆ ಬಂದಿದ್ದು ಇವತ್ತೇ ಮೊದಲು. ನನ್ನ ಹೆಂಡತಿ ಈಗ ಮನೇಲಿ ಇದ್ದಿದ್ರೆ ಖುಷಿಪಡ್ತಿದ್ಲು. ತಂಗಿ ಮನೆಗೆ ಹೋಗಿದಾಳೆ, ಸಂಜೆಗೆ ಬರ್ತಾಳೆ. ನಾನು ಮನೇಲಿ ಎರಡೇ ವಿಷಯ ಮಾತಾಡ್ತಿದ್ದೆ ಅಂತ ಈಗ್ಲೂ ಆಡ್ಕೋತಾಳೆ. ಒಂದು ಫರ್ನೇಸು, ಇನ್ನೊಂದು ಮೇಡಂ. ಅದರಲ್ಲಿ ಫರ್ನೇಸ್ ವಿಷಯಕ್ಕೆ ಅವಳದೇನೂ ತಕರಾರಿರ್ಲಿಲ್ಲ.

ನಗಬಹುದು ಮೇಡಂ. ನಗಲಿ ಅಂತಾನೇ ಹೇಳಿದ್ದು.

ಟೀ ಇಡ್ಲಾ? ಬೇಡ. ನೀರು… ಅದೂ ಬೇಡ. ಹಾಗಾದ್ರೆ ನೀವು ಮಾತಾಡಿ, ನಾನು ಕೇಳ್ತಾ ಈ ಇಸ್ತ್ರಿಪೆಟ್ಟಿಗೆ ಮುಗಿಸಿಬಿಡ್ತೀನಿ. ಎದುರು ಮನೆ ದರ್ಜಿದು. ಬಿಸಿ ಆದ್ರೆ ನಿಲ್ಲೋದೇ ಇಲ್ಲ ಅಂತಾನೆ. ಯಾರದೋ ರೇಷ್ಮೆ ರವಿಕೆ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಪೂರ್ತಿ ಚಿತ್ರ ಬಂದಿದೆಯಂತೆ… ನೀವು ಹೇಳಿ.

ಹೇಳಲ್ವಾ.

ಆ ಚೀಲನಾದ್ರೂ ಕೆಳಗಿಡಿ. ಮಡಿಲಲ್ಲೇ ಇಟ್ಕೊಂಡಿದ್ರೆ ಈಗ್ಲೇ ಎದ್ದು ಹೊರಡೋರ ಹಾಗೆ ಕಾಣುತ್ತೆ. ಏನದು? ಪತ್ರ. ನಂಗಾ? ನಿಮಗೆ ಬಂದಿದ್ದು, ಬೇರೆ ಯಾವುದೋ ಲ್ಯಾಬಿಂದ. ಓದ್ಲಾ? ಇರಿ, ಕನ್ನಡಕ… ಇಲ್ಲೇ ಇತ್ತು… ಹಾಂ, ತಲೆ ಮೇಲೇ ಇದೆ.

'ಗೌರವಾನ್ವಿತ…' ಹೂಂ. 'ಕಬ್ಬಿಣ ಮತ್ತು ನಿಕ್ಕಲ್, ಅರ್ಧಕ್ಕರ್ಧ…' ನಮ್ಮದೇ. 'ನೀವು ತೋರಿಸಿದ ದಾರಿಯಲ್ಲೇ ತಿರುಚಿ, ಮುನ್ನೂರು ಡಿಗ್ರಿ ಶಾಖದಲ್ಲಿ ಐದು ವರ್ಷ ಎರಡು ತಿಂಗಳು ಇಟ್ಟಿದ್ದೆವು. ಎಕ್ಸ್-ರೇ ಚಿತ್ರದಲ್ಲಿ…'

ಬಂದಿದೆ.

ಮೇಡಂ, ಅವರಿಗೆ ಬಂದಿದೆಯಲ್ಲ. ಆ ಸಣ್ಣ ಗೆರೆ. ಸಾಲು ಕಟ್ಟಿದೆ ಅಂತಿದಾರೆ. ಕಬ್ಬಿಣ ಒಂದು ಸಾಲು, ನಿಕ್ಕಲ್ ಒಂದು ಸಾಲು. ಐದೇ ವರ್ಷಕ್ಕೆ.

ಒಳ್ಳೇ ಸುದ್ದಿ ಅಲ್ವಾ ಇದು… ಅಲ್ವಾ? ಇನ್ನೂ ಇದೆ ಕೆಳಗೆ. 'ತಮ್ಮಲ್ಲಿ ಹನ್ನೊಂದು ವರ್ಷ ನಡೆದರೂ ಯಾಕೆ ಬರಲಿಲ್ಲ ಎಂಬುದು ನಮಗೆ ಅರ್ಥವಾಗುತ್ತಿಲ್ಲ. ತಮ್ಮ ಬಳಿ ಹಳೆಯ ದಾಖಲೆಗಳಿದ್ದರೆ…'

ಮರ್ಯಾದೆಯಿಂದಾನೇ ಕೇಳಿದಾರೆ.

ಇದಕ್ಕೆ ನೂರೆಂಟು ಕಾರಣ ಇರ್ತವೆ ಮೇಡಂ. ಅವರ ನಿಕ್ಕಲ್ ಇನ್ನೂ ಶುದ್ಧ ಇದ್ದಿರಬಹುದು. ನಮ್ಮದೂ ಶುದ್ಧಾನೇ, ನಾನೇ ಕರಗಿಸಿದ್ದು, ಆದ್ರೂ. ನಾವು ಲೋಹದ ಬಿಲ್ಲೆ ಇಟ್ಟು ಮುಚ್ಚಿದ್ದ ಗಾಜಿನ ಕೊಳವೆ ಎಲ್ಲೋ ಕೂದಲಷ್ಟು ಸೋರಿ ಗಾಳಿ ಒಳಗೆ ಹೋಗಿರಬಹುದು… ಇಲ್ಲ, ಅದೂ ಅಲ್ಲ. ಕೊನೇಲಿ ಒಡೆದು ತೆಗೆದಾಗ ಬಿಲ್ಲೆ ಕನ್ನಡಿ ಹಾಗೆ ಹೊಳೀತಿತ್ತು, ನೀವೇ ಅದರಲ್ಲಿ ಮುಖ ನೋಡ್ಕೊಂಡ್ರಿ. ಇನ್ನು ಉಳಿದಿದ್ದು ನಿಮ್ಮ ಲೆಕ್ಕ. ಅದು ಸರಿ ಇದೆ ಅಂತ ಈಗ ಇವರೇ ಬರೆದಿದಾರೆ. ಹಾಗಾದ್ರೆ…

ಈ ಸ್ಕ್ರೂ ನೋಡಿ, ತುಕ್ಕು ಹಿಡಿದು ಕೂತಿದೆ. ಅಲ್ಲಾಡೋದೇ ಇಲ್ಲ.

ನಂಗೆ ನೆನಪಿದೆ ಮೇಡಂ, ನಾನು ಕೆಲಸಕ್ಕೆ ಸೇರಿದ ಮೊದಲನೇ ದಿನ. ನಿಮಗೆ ನೆನಪಿರಲ್ಲ. ನಾನು ಅದಕ್ಕೆ ಮೊದಲು ಇಟ್ಟಿಗೆ ಭಟ್ಟಿಯಲ್ಲಿದ್ದೆ. ಬೆಂಕಿ ಗೊತ್ತು ಅಂತ ತಗೊಂಡ್ರು. ಲೋಹ ಅಂದ್ರೆ ಏನೂ ಗೊತ್ತಿರ್ಲಿಲ್ಲ. ನೀವು ಒಂದು ಬಿಲ್ಲೆ ತಂದ್ರಿ, ಮೂವತ್ತು ಪಾಲು ನಿಕ್ಕಲ್ ಇರೋದು. ಇಕ್ಕಳದಲ್ಲಿ ಹಿಡಿದು ಆ ಹೊಗೆಯಾಡೋ ತಣ್ಣನೆ ದ್ರವದಲ್ಲಿ ಅದ್ದಿ, "ಕಿವಿ ಕೊಡಿ" ಅಂದ್ರಿ. ಟಿಕ್… ಟಿಕ್ ಟಿಕ್. ಕಬ್ಬಿಣ ಮಾತಾಡ್ತಿದೆ ಅಂದ್ಕೊಂಡೆ. ಹೊರಗೆ ತೆಗೆದಾಗ, ಕನ್ನಡಿ ಹಾಗಿದ್ದ ಮೈ ಮೇಲೆಲ್ಲ ಗೀರು ಗೀರು ಎದ್ದಿತ್ತು. ಒಳಗಿರೋ ಅಣುಗಳೆಲ್ಲ ಒಟ್ಟಿಗೆ ಒಂದು ಹೆಜ್ಜೆ ಪಕ್ಕಕ್ಕೆ ಇಟ್ವು, ಕವಾಯತು ಮಾಡೋ ಸಿಪಾಯಿಗಳ ಹಾಗೆ, ಅಂದ್ರಿ. ವಾಪಸ್ ಮೊದಲಿನ ಹಾಗೆ ಮಾಡೋಕೆ ಆಗುತ್ತಾ ಅಂತ ಕೇಳಿದೆ. ಆಗುತ್ತೆ, ಆದ್ರೆ ಬೆಚ್ಚಗೆ ಮಾಡಿದ್ರೆ ಸಾಲ್ದು, ನಾನೂರು ಡಿಗ್ರಿ ದಾಟಬೇಕು ಅಂದ್ರಿ. ಹೋಗಿದ್ದೇ ಒಂದು ದಾರಿ, ಬರೋದೇ ಒಂದು ದಾರಿ.

ಅವತ್ತು ಮನೆಗೆ ಹೋಗಿ ಇವಳಿಗೆ ಹೇಳಿದೆ. ಕಬ್ಬಿಣ ಟಿಕ್ ಅಂತು ಅಂದೆ. ಊಟಕ್ಕೇಳಿ ಅಂದ್ಲು.

ಆಮೇಲೆ ಈ ಪ್ರಯೋಗ ಶುರು ಮಾಡಿದಾಗ ನೀವು ನನ್ನ ಕೂರಿಸಿಕೊಂಡು ಹೇಳಿದ್ರಿ, ಇದು ಕವಾಯತು ಅಲ್ಲ. ಇದರಲ್ಲಿ ಒಬ್ಬೊಬ್ಬರೂ ಎದ್ದು ಜಾಗ ಬದಲಾಯಿಸಬೇಕು. ಕಬ್ಬಿಣ ಅರ್ಧ, ನಿಕ್ಕಲ್ ಅರ್ಧ, ಒಂದು ಸಭೆಯಲ್ಲಿ ಸಿಕ್ಕಿದ ಕಡೆ ಕೂತಿದಾವೆ. ತಣ್ಣಗಾಗ್ತಾ ಬಂದ್ರೆ ಅವಕ್ಕೆ ಸಾಲಾಗಿ ಕೂರೋ ಮನಸ್ಸು ಬರುತ್ತೆ. ಆದ್ರೆ ಅಷ್ಟು ತಣ್ಣಗಾದಾಗ ಏಳೋ ಶಕ್ತಿ ಇರಲ್ಲ. ಬಿಸಿ ಮಾಡಿದ್ರೆ ಶಕ್ತಿ ಬರುತ್ತೆ, ಮನಸ್ಸು ಹೋಗುತ್ತೆ. ಮುನ್ನೂರ ಇಪ್ಪತ್ತು ದಾಟಿದ್ರೆ ಕೂತಿದ್ದ ಸಾಲೂ ಕಲಸಿಹೋಗುತ್ತೆ. ನಮ್ಮ ಆಫೀಸಿನ ಹಾಗೇ ಇದೆಯಲ್ಲ ಅಂದೆ ನಾನು. ನೀವು ನಗಲಿಲ್ಲ. ಬರೆದಿಟ್ಕೊಂಡ್ರಿ.

ಆಕಾಶದಿಂದ ಬಿದ್ದ ಕಬ್ಬಿಣದಲ್ಲಿ ಮಾತ್ರ ಆ ಸಾಲು ಇರುತ್ತೆ ಅಂದ್ರಿ. ಅದಕ್ಕೆ ಪುರುಸೊತ್ತು ಇತ್ತು. ಒಂದೆರಡು ಡಿಗ್ರಿ ಇಳಿಯೋಕೆ ಸಾವಿರಾರು ವರ್ಷ. ನಮಗೆ ಅಷ್ಟು ರಜೆ ಮಂಜೂರಾಗಲ್ಲ. ಅದಕ್ಕೇ ನೀವು ಉಪಾಯ ಮಾಡಿದ್ರಿ. ಬಿಲ್ಲೆನ ಯಂತ್ರದಲ್ಲಿ ಒತ್ತಿ ಹಿಡಿದು ತಿರುಚಿ, ತಿರುಚಿ, ಒಳಗೆಲ್ಲ ಖಾಲಿ ಜಾಗ ಮಾಡಿದ್ರಿ. ಖಾಲಿ ಕುರ್ಚಿ ಇದ್ರೆ ಪಕ್ಕದವನು ಅದಕ್ಕೆ ಜರುಗ್ತಾನೆ, ಅವನ ಜಾಗಕ್ಕೆ ಇನ್ನೊಬ್ಬ. ಸಾವಿರಾರು ವರ್ಷದ ಕೆಲಸ ಹತ್ತು ವರ್ಷಕ್ಕೆ ಆಗುತ್ತೆ. ಆ ಸಾಲು ಕೂತ್ರೆ ಗಟ್ಟಿ ಅಯಸ್ಕಾಂತ ಸಿಗುತ್ತೆ, ದುಬಾರಿ ಧಾತುಗಳಿಗೋಸ್ಕರ ಬೆಟ್ಟ ಅಗೆಯೋದು ತಪ್ಪುತ್ತೆ. ಮುನ್ನೂರು ಡಿಗ್ರಿ, ಒಂದು ಡಿಗ್ರಿ ಆಚೆ ಇಲ್ಲ ಈಚೆ ಇಲ್ಲ. "ಇದು ನಿಮ್ಮ ಕೈಲಿದೆ" ಅಂದ್ರಿ ನಂಗೆ.

ಅಲ್ಲಿಂದ ನನ್ನ ಹೆಸರೇ ಹೋಯ್ತು. ಮುನ್ನೂರು. ಗೇಟಿನವನಿಂದ ಹಿಡಿದು ಡೈರೆಕ್ಟರವರೆಗೆ, ಎಲ್ಲರಿಗೂ ಮುನ್ನೂರು. ದಿನಕ್ಕೆ ಮೂರು ಸಲ ಮೀಟರ್ ನೋಡಿ ಬರೆಯೋದು. ಬೆಳಿಗ್ಗೆ ಎಂಟಕ್ಕೆ ಮುನ್ನೂರು. ಮಧ್ಯಾಹ್ನ ಮುನ್ನೂರು. ಸಂಜೆ ಐದಕ್ಕೆ ಮುನ್ನೂರು. ಒಂದು ಸಲ ಜ್ವರ ಬಂದು ಮಲಗಿದ್ದಾಗ ಡಾಕ್ಟರು ಎಷ್ಟಿದೆ ಅಂತ ಕೇಳಿದ್ದಕ್ಕೂ ಮುನ್ನೂರು ಅಂದೆನಂತೆ.

ನಿಮಗೆ ಆ ಕಥೆ ಗೊತ್ತು. ಹೂಂ.

ಕೊನೇ ದಿನಾನೂ ಗೊತ್ತು. ಹನ್ನೊಂದನೇ ವರ್ಷ, ಆ ಎಕ್ಸ್-ರೇ ಕೋಣೆ. ಕಾಗದದ ಮೇಲೆ ಆ ಗೆರೆ ಏಳಬೇಕಾದ ಜಾಗದಲ್ಲಿ ಏನೂ ಇರ್ಲಿಲ್ಲ. ಚಪ್ಪಟೆ. ನೀವು ಇನ್ನೊಂದು ಸಲ ಹಾಕಿಸಿದ್ರಿ. ರಾತ್ರಿಯಿಡೀ ಓಡಿಸಿ ಅಂತ ಹೇಳಿ ಬೆಳಿಗ್ಗೆ ಬಂದು ನೋಡಿದ್ರಿ. ಚಪ್ಪಟೆ. ನಾನು ಬಾಗಿಲ ಹತ್ರ ನಿಂತಿದ್ದೆ. ನೀವು ಕಾಗದ ಮಡಿಸಿ, "ಇಲ್ಲ ಅಂದ್ರೆ ಇಲ್ಲ" ಅಂದ್ರಿ. ಅಷ್ಟೇ. ಕಣ್ಣೀರೂ ಹಾಕ್ಲಿಲ್ಲ, ಯಾರನ್ನೂ ಬೈಲಿಲ್ಲ. ಸಮಿತಿಯವರ ಮುಂದೆ ನಿಂತು "ನನ್ನ ಲೆಕ್ಕ ತಪ್ಪು" ಅಂತ ನೀವೇ ಹೇಳಿದ್ರಿ. ಅವರು ಫರ್ನೇಸ್ ಆರಿಸಿ ಅಂದ್ರು. ನಿಮ್ಮನ್ನ ಮೊದಲನೇ ವರ್ಷದ ಹುಡುಗರಿಗೆ ಪಾಠ ಮಾಡೋಕೆ ಹಾಕಿದ್ರು. ಆರು ವರ್ಷ ನೀವು ಅಲ್ಲಿ ತಾಮ್ರ ಯಾಕೆ ಕೆಂಪು, ಕಬ್ಬಿಣ ಯಾಕೆ ತುಕ್ಕು ಅಂತ…

ಆರಿಸೋ ಸ್ವಿಚ್ ಒತ್ತಿದ್ದು ನಾನೇ. ಮರುದಿನ ಬೆಳಿಗ್ಗೆ ಎಂಟಕ್ಕೆ ಅಭ್ಯಾಸಬಲದಿಂದ ಹೋಗಿ ನೋಡಿದೆ. ಇಪ್ಪತ್ತಾರು ಡಿಗ್ರಿ ಇತ್ತು. ಬರೆದೆ.

ಏನು ಹುಡುಕ್ತಿದೀರಿ ಚೀಲದಲ್ಲಿ? ದಾಖಲೆ ಬೇಕಂದ್ರೆ ಎಲ್ಲ ಗೋದಾಮಿನಲ್ಲಿ…

ಓ. ಗೋದಾಮಿನಿಂದ ತಂದಿದೀರಾ.

ಇದು ಏಳನೇ ವರ್ಷದ ಸುರುಳಿ. ಶಾಖ ಎಷ್ಟಿದೆ ಅಂತ ತಾನಾಗೇ ಗೀರೋ ಪೆನ್ನಿನ ಯಂತ್ರದ್ದು. ಒಂದು ಗೆರೆ, ಉದ್ದಕ್ಕೆ, ನೇರಕ್ಕೆ. ಚೆನ್ನಾಗಿ ಇಟ್ಟಿದಾರೆ ನೋಡಿ, ಇಲಿ ಮುಟ್ಟಿಲ್ಲ. ಅಲ್ಲಿ… ಹೂಂ. ಅಲ್ಲಿ ಅಂಟಿಸಿದೆ. ಹೌದು. ಯಂತ್ರಕ್ಕೆ ಕಾಗದ ಸಿಕ್ಕಿಹಾಕ್ಕೊಂಡು ಹರಿದಿತ್ತು, ಅದಕ್ಕೇ ಅಂಟಿಸಿದೆ. ಪುಸ್ತಕದಲ್ಲಿ ಬರೆದೂ ಇದೆ, 'ಕಾಗದ ಹರಿದಿದೆ' ಅಂತ.

ಯಾಕೆ ಹಾಗೆ ಬೆರಳಲ್ಲಿ ಸವರ್ತೀರಿ?

ಹರಿದಿದ್ರೆ ಅಂಚು ಒರಟಾಗಿರ್ಬೇಕಿತ್ತು. ಹೌದು ಮೇಡಂ. ಇದು ನೇರ ಇದೆ. ಕತ್ತರಿ ಹಾಕಿದ ಹಾಗಿದೆ.

ಕತ್ತರಿ ಹಾಕಿದ್ದೇ.

ಸ್ವಲ್ಪ ಇರಿ, ಈ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಡ್ತೀನಿ. ಕೈಲಿ ಹಿಡ್ಕೊಂಡು ಹೇಳೋ ವಿಷಯ ಅಲ್ಲ.

ಏಳನೇ ವರ್ಷ. ಶುಕ್ರವಾರ ಸಂಜೆ ಐದಕ್ಕೆ ಮುನ್ನೂರು ಬರೆದು ಮನೆಗೆ ಹೋದೆ. ಶನಿವಾರ, ಭಾನುವಾರ ಬೇರೆಯವನು ಬಂದು ನೋಡಬೇಕಿತ್ತು. ಅವನು ಬರ್ಲಿಲ್ಲ, ನಂಗೆ ಹೇಳಲೂ ಇಲ್ಲ. ಆದ್ರೆ ಅವನ ಮೇಲೆ ಹಾಕಲ್ಲ, ಯಾಕಂದ್ರೆ ಅವನು ಬರಲ್ಲ ಅಂತ ನಂಗೆ ಗೊತ್ತಿತ್ತು. ಎಷ್ಟೋ ವಾರ ಅವನು ಬಂದಿರ್ಲಿಲ್ಲ, ನಾನೇ ಸೋಮವಾರ ಬಂದು ಅವನ ಖಾನೆಯಲ್ಲಿ ಮುನ್ನೂರು ತುಂಬ್ತಿದ್ದೆ. ಸುರುಳಿ ನೋಡಿದ್ರೆ ಗೊತ್ತಾಗ್ತಿತ್ತಲ್ಲ, ಗೆರೆ ನೇರ ಇದೆ ಅಂತ. ಸುಳ್ಳಲ್ಲ ಅದು, ತಡ ಅಷ್ಟೇ.

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದಾಗಲೇ ವಾಸನೆ ಬೇರೆ ಇತ್ತು. ಫರ್ನೇಸಿನ ಮೇಲೆ ಒರೆಸೋ ಬಟ್ಟೆ ಒಣಗ ಹಾಕ್ತಿದ್ದೆ, ಅದು ಕಂದು ಬಣ್ಣಕ್ಕೆ ತಿರುಗಿತ್ತು. ಮೀಟರ್ ನೋಡಿದೆ. ಐನೂರ ಹತ್ತು.

ಕನ್ನಡಕ ಒರೆಸ್ಕೊಂಡು ನೋಡಿದೆ. ಐನೂರ ಹತ್ತೇ.

ಕರೆಂಟ್ ಬಿಟ್ಟು ಹಿಡಿಯೋ ರಿಲೇ ಅಂಟ್ಕೊಂಡುಬಿಟ್ಟಿತ್ತು. ಬಿಡೋದು ಮರೆತು ಹಿಡ್ಕೊಂಡೇ ಕೂತಿತ್ತು. ಸುರುಳಿಯಲ್ಲಿ ಗೆರೆ ಶುಕ್ರವಾರ ಸಂಜೆ ಆರೂವರೆಗೆ ಎದ್ದು ಹತ್ತಿ, ಭಾನುವಾರ ಪೂರ್ತಿ ಮೇಲೇ ಓಡಿತ್ತು. ಆರೂವರೆ ಮೇಡಂ. ನಾನು ಆಗಿನ್ನೂ ಬಸ್ಸಲ್ಲಿದ್ದೆ.

ಏನಾಗಿದೆ ಅಂತ ನಂಗೆ ಯಾರೂ ಹೇಳಬೇಕಾಗಿರ್ಲಿಲ್ಲ. ನೀವೇ ಕಲಿಸಿದ್ರಿ. ಮುನ್ನೂರ ಇಪ್ಪತ್ತು ದಾಟಿದ್ರೆ ಸಾಲು ಕಲಸಿಹೋಗುತ್ತೆ. ಐನೂರಲ್ಲಿ, ನೀವು ತಿರುಚಿ ಮಾಡಿದ್ದ ಖಾಲಿ ಜಾಗಾನೂ ಮುಚ್ಚಿಹೋಗುತ್ತೆ. ಅಂದ್ರೆ ಏಳು ವರ್ಷ ಹೋಯ್ತು. ಅಷ್ಟೇ ಅಲ್ಲ, ಮುಂದೆ ಅದೇ ಬಿಲ್ಲೆನ ನೂರು ವರ್ಷ ಇಟ್ರೂ ಇಲ್ಲ. ಕುರ್ಚಿಗಳೆಲ್ಲ ತುಂಬಿಹೋದ್ವು. ಯಾರೂ ಎಲ್ಲಿಗೂ ಜರುಗೋ ಹಾಗಿಲ್ಲ.

ಹೊಸ ರಿಲೇ ಹಾಕಿದೆ, ಮಧ್ಯಾಹ್ನದೊಳಗೆ ಮುನ್ನೂರಕ್ಕೆ ತಂದೆ. ಆ ಮೂರು ದಿನದ ಕಾಗದ ಕತ್ತರಿಸಿ ದೊಡ್ಡ ಫರ್ನೇಸಿಗೆ ಹಾಕಿದೆ. ಅದಕ್ಕೆ ಒಂದು ಕ್ಷಣ ಸಾಕು. ಪುಸ್ತಕದಲ್ಲಿ ಏಳು ಖಾನೆ ತುಂಬಿದೆ. ಮುನ್ನೂರು, ಮುನ್ನೂರು, ಮುನ್ನೂರು…

ಅಲ್ಲಿಂದಾಚೆಗೆ ನಾಲ್ಕು ವರ್ಷ ನಾನು ಬರೆದ ಮುನ್ನೂರೆಲ್ಲ ನಿಜ. ಬೇಕಿದ್ರೆ ಪರೀಕ್ಷೆ ಮಾಡಿಸಿ.

ನೀವು ಕಿಟಕಿ ಕಡೆ ನೋಡ್ತಿದೀರಿ.

ಯಾಕೆ ಹೇಳ್ಲಿಲ್ಲ ಅಂತ ತಾನೇ. ಹೇಳಬೇಕು ಅಂತಾನೇ ಇದ್ದೆ. ಆದ್ರೆ ಅವತ್ತು ನೀವು ಲ್ಯಾಬಿಗೆ ಬಂದಿರ್ಲಿಲ್ಲ. ಆ ವಾರಾನೇ ಮೇಡಂ… ನಿಮ್ಮ ಯಜಮಾನರು ಆಸ್ಪತ್ರೆಯಲ್ಲಿ. ಎರಡು ವರ್ಷ ನರಳಿ ಆ ಬುಧವಾರ ಹೋದ್ರು. ನಾವೆಲ್ಲ ಬಂದಿದ್ವಿ ನಿಮ್ಮ ಮನೆಗೆ. ನಾನು ಗೇಟಿನ ಹತ್ರ ನಿಂತಿದ್ದೆ. ನೀವು ಅಷ್ಟು ಜನರ ನಡುವೆ ನನ್ನ ನೋಡಿ, ಹುಬ್ಬು ಎತ್ತಿ ಕೇಳಿದ್ರಿ. ಬಾಯಲ್ಲಲ್ಲ. ಫರ್ನೇಸ್ ಹೇಗಿದೆ ಅಂತ. ನಾನು ತಲೆ ಆಡಿಸಿದೆ.

ಆಮೇಲೆ ಎರಡು ವಾರ ಕಳೆದು ನೀವು ಬಂದ್ರಿ. ನಿಮ್ಮ ಕೋಣೆಗೂ ಹೋಗ್ಲಿಲ್ಲ, ನೇರ ಫರ್ನೇಸ್ ಹತ್ರ. ಅದರ ಹೊರಮೈ ಮೇಲೆ ಅಂಗೈ ಇಟ್ಟು ನಿಂತ್ರಿ. "ಇದೊಂದಾದ್ರೂ ಇದ್ದ ಹಾಗೇ ಇದೆಯಲ್ಲ" ಅಂದ್ರಿ. ಅದು ನಂಗೆ ಹೇಳಿದ್ದೋ, ಫರ್ನೇಸಿಗೆ ಹೇಳಿದ್ದೋ. ನಾನು "ಇದೆ ಮೇಡಂ, ಮುನ್ನೂರು" ಅಂದೆ.

ಆ ಹೊತ್ತಿಗೆ ಮುನ್ನೂರೇ ಇತ್ತು.

ಆಮೇಲೆ ಹೇಳೋಣ, ಆಮೇಲೆ ಹೇಳೋಣ ಅಂತ… ಒಂದು ತಿಂಗಳು ದಾಟಿದ್ಮೇಲೆ, ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅನ್ನೋದಕ್ಕೂ ಒಂದು ಉತ್ತರ ಬೇಕಾಗುತ್ತೆ. ಒಂದು ವರ್ಷ ದಾಟಿದ್ಮೇಲೆ ಆ ಉತ್ತರವೇ ದೊಡ್ಡದಾಗುತ್ತೆ. ನೀವು ಪ್ರತಿ ತಿಂಗಳು ಪುಸ್ತಕ ನೋಡಿ ಸಹಿ ಹಾಕ್ತಿದ್ರಿ. ಪ್ರತಿ ತಿಂಗಳು ನಂಗೊಂದು ಅವಕಾಶ ಇತ್ತು. ನಲವತ್ತೆಂಟು ಸಲ. ಎಣಿಸಿದೀನಿ.

ಆ ಎಕ್ಸ್-ರೇ ಕೋಣೆಯ ಬಾಗಿಲಲ್ಲಿ ನಿಂತಿದ್ದಾಗ, ಆ ಗೆರೆ ಬರಲಪ್ಪ ಅಂತ ಬೇಡ್ಕೋತಿದ್ದೆ ಮೇಡಂ. ಬರಲ್ಲ ಅಂತ ಗೊತ್ತಿದ್ದವನು ನಾನೊಬ್ಬನೇ. ಆದ್ರೂ ಬೇಡ್ಕೊಂಡೆ.

ಇವಳಿಗೂ ಹೇಳಿಲ್ಲ. ನಿಮ್ಮ ಪ್ರಯೋಗ ಫೇಲ್ ಆಯ್ತು ಅಂದಾಗ, ಪಾಪ ನಿಮ್ಮ ಮೇಡಂ, ನೀವು ಏನಾದ್ರೂ ಸಹಾಯ ಮಾಡಬಾರ್ದಿತ್ತಾ ಅಂದ್ಲು. ಎದ್ದು ಹೊರಗೆ ಹೋದೆ.

ನಿಮ್ಮ ಲೆಕ್ಕ ಸರಿ ಇತ್ತು. ಆವಾಗ್ಲೂ ಸರಿ ಇತ್ತು. ಸಮಿತಿ ಮುಂದೆ ನೀವು ತಪ್ಪು ಅಂತ ಒಪ್ಕೊಂಡಿದ್ದು ಮಾತ್ರ ತಪ್ಪು. ಈ ಪತ್ರದವರಿಗೆ ಅದನ್ನೇ ಬರೀರಿ. ಫರ್ನೇಸ್ ನೋಡ್ಕೊಳ್ಳೋನು ಸತ್ಯ ಮುಚ್ಚಿಟ್ಟಿದ್ದ ಅಂತ ಬರೀರಿ. ನನ್ನ ನಿಜವಾದ ಹೆಸರೇ ಹಾಕಿ, ಮುನ್ನೂರು ಅಂತ ಹಾಕಿದ್ರೆ ಅವರಿಗೆ ಗೊಂದಲ ಆಗುತ್ತೆ.

ಯಾಕೆ, ಪೆನ್ನು ನಂಗೆ ಕೊಡ್ತೀರಿ?

ನಾನೇ ಬರೀಬೇಕಾ. ಸರಿ. ನ್ಯಾಯಾನೇ. ಅಕ್ಷರ ಚೆನ್ನಾಗಿಲ್ಲ ನಂದು. ಅಂಕಿ ಮಾತ್ರ ಚೆನ್ನಾಗಿ ಬರೀತೀನಿ.

'ಏಳನೆಯ ವರ್ಷ, ಶುಕ್ರವಾರ ಸಂಜೆ ಆರೂವರೆ ಗಂಟೆಗೆ, ರಿಲೇ ಅಂಟಿಕೊಂಡು…' ಅಂಟಿಕೊಂಡು ಅನ್ನಬಹುದಾ, ಸಿಕ್ಕಿಕೊಂಡು ಅನ್ಬೇಕಾ? 'ಅಂಟಿಕೊಂಡು, ಶಾಖ ಏರಿ, ಸೋಮವಾರ ಬೆಳಿಗ್ಗೆ ಎಂಟು ಗಂಟೆಯವರೆಗೆ ಐನೂರ ಹತ್ತು ಡಿಗ್ರಿ ಇತ್ತು. ಈ ವಿಷಯವನ್ನು ನಾನು ಮೇಡಂ ಅವರಿಂದ ಮುಚ್ಚಿಟ್ಟೆನು.' ಆಯ್ತು. ಕೆಳಗೆ ಸಹಿ.

ಏನು ಮೇಡಂ.

ಕಾಗದದ ಮೇಲೆ ಕೈ ಇಟ್ರಲ್ಲ. ಇನ್ನೇನಿದೆ ಬರೆಯೋಕೆ? ಎಲ್ಲ ಇದೆಯಲ್ಲ. ದಿನ ಇದೆ, ಹೊತ್ತು ಇದೆ, ಡಿಗ್ರಿ ಇದೆ…

ಹಾಗೆ ನೋಡಬೇಡಿ. ಮೊದಲನೇ ವರ್ಷದ ಹುಡುಗರನ್ನೂ ಹೀಗೇ ನೋಡ್ತಿದ್ರಾ?

ಗೊತ್ತಾಯ್ತು. ರಿಲೇ ಕೆಟ್ರೆ ಕೆಡಲಿ ಅಂತ ಅದರ ಹಿಂದೆ ಇನ್ನೊಂದು ಇತ್ತು. ಸೇಫ್ಟಿ ಸ್ವಿಚ್ಚು. ಶಾಖ ಮುನ್ನೂರ ಹತ್ತು ದಾಟಿದ್ರೆ ತಾನಾಗೇ ಕರೆಂಟು ಕಡಿಯೋದು. ನೀವೇ ಹಟ ಹಿಡಿದು ತರಿಸಿದ್ದು. ಎಷ್ಟೋ ಅರ್ಜಿ ಬರೆದು. ಅದು ಇದ್ದಿದ್ರೆ ರಿಲೇ ಸತ್ತುಬಿದ್ರೂ ಫರ್ನೇಸ್ ಆರಿ ತಣ್ಣಗಾಗ್ತಿತ್ತು, ಅಷ್ಟೇ. ಮತ್ತೆ ಹಚ್ಚಿದ್ರೆ ಆಯ್ತು. ತಣ್ಣಗಿದ್ದಾಗ ಸಾಲು ಎಲ್ಲಿಗೂ ಹೋಗಲ್ಲ.

ಬರೀತೀನಿ. 'ಸೇಫ್ಟಿ ಸ್ವಿಚ್ ಕೂಡ ಕೆಲಸ ಮಾಡಲಿಲ್ಲ.'

…ಕೈ ತೆಗೀತಿಲ್ವಲ್ಲ ನೀವು.

ಅದು ಅಲ್ಲಿ ಇರ್ಲಿಲ್ಲ ಮೇಡಂ.

ಐದನೇ ವರ್ಷದಲ್ಲಿ ತಪಾಸಣೆಗೆ ಮೇಲಿನವರು ಬಂದಿದ್ರು. ಡೈರೆಕ್ಟರ ಹೊಸ ಫರ್ನೇಸಿಗೆ ಆ ಸ್ವಿಚ್ ಬಂದಿರ್ಲಿಲ್ಲ. ಇಲ್ಲದೇ ಇದ್ರೆ ಪಾಸ್ ಮಾಡಲ್ಲ. ಎಲ್ಲಿಂದಾದ್ರೂ ಒಂದು ತಂದು ಹಾಕು ಅಂದ್ರು ಡೈರೆಕ್ಟರು ನಂಗೆ. ನಿಮ್ಮದರಿಂದ ತೆಗಿ ಅಂತ ಅವರು ಹೇಳ್ಲಿಲ್ಲ, ಅದು ಅವರ ಮೇಲೆ ಹೊರಿಸಲ್ಲ. ಲ್ಯಾಬಲ್ಲಿ ಏಳು ಫರ್ನೇಸ್ ಇದ್ವು. ಯಾವುದರಿಂದ ತೆಗೆಯೋದು ಅಂತ ಸುತ್ತಿ ನೋಡಿದೆ. ಉಳಿದವೆಲ್ಲ ಆಗಾಗ ತಕರಾರು ಮಾಡ್ತಿದ್ವು. ನಿಮ್ಮದು ಐದು ವರ್ಷದಲ್ಲಿ ಒಂದು ಡಿಗ್ರಿ ಅಲ್ಲಾಡಿರ್ಲಿಲ್ಲ. ನಂಬಿಕಸ್ಥ. ಅದಕ್ಕೇ ಅದರಿಂದ ತೆಗೆದೆ. ಒಂದು ವಾರದ ಮಟ್ಟಿಗೆ ಅಂತ.

ತಪಾಸಣೆ ಪಾಸಾಯ್ತು. ನಂಗೆ ಸೀನಿಯರ್ ಅಂತ ಬಡ್ತಿ ಕೊಟ್ರು. ಅವತ್ತು ಎಲ್ಲರೂ ಕೈ ಕುಲುಕಿದ್ರು, ನೀವೂ ಕುಲುಕಿದ್ರಿ. ಹೊಸದು ಬರುತ್ತೆ, ಬಂದ ಮೇಲೆ ಹಾಕೋಣ ಅಂದ್ಕೊಂಡು ಎರಡು ವರ್ಷ ಆಯ್ತು. ಖಾಲಿ ಪೆಟ್ಟಿಗೆಗೆ ಮುಚ್ಚಳ ಹಾಕಿಟ್ಟಿದ್ದೆ. ಹೊರಗಿಂದ ಗೊತ್ತಾಗ್ತಿರ್ಲಿಲ್ಲ.

ಇದು ನಿಮಗೆ ಮೊದಲೇ ಗೊತ್ತಿತ್ತಾ? ಇಲ್ಲ. ಮುಖ ನೋಡಿದ್ರೆ ಗೊತ್ತಿರ್ಲಿಲ್ಲ.

ಆದ್ರೆ ಕೊನೇಲಿ ಫರ್ನೇಸ್ ಆರಿಸಿದ ಮೇಲೆ ನೀವು ಬಿಚ್ಚಿ ನೋಡಿದಾಗ ಸ್ವಿಚ್ ಅದರಲ್ಲೇ ಇತ್ತು. ಅದನ್ನೇ ಯೋಚಿಸ್ತಿದೀರಿ.

ಇತ್ತು. ಯಾಕಂದ್ರೆ ಮಧ್ಯಾಹ್ನದೊಳಗೆ ಮುನ್ನೂರಕ್ಕೆ ತಂದೆ ಅಂತ ಹೇಳಿದ್ನಲ್ಲ, ಅದಕ್ಕೆ ಮೊದಲು ಒಂದು ಕೆಲಸ ಮಾಡಿದ್ದೆ. ಎಂಟು ಗಂಟೆ. ಮೀಟರ್ ಮುಂದೆ ನಿಂತಿದೀನಿ. ಮೇನ್ ಸ್ವಿಚ್ ನನ್ನ ಬಲಗೈಗೆ ಒಂದು ಮೊಳ ದೂರ. ಅದನ್ನ ಒತ್ತಬೇಕಿತ್ತು. ಇಟ್ಟಿಗೆ ಭಟ್ಟಿಯಲ್ಲಿದ್ದ ದಡ್ಡನೂ ಮೊದಲು ಅದನ್ನ ಒತ್ತುತ್ತಾನೆ. ನಾನು ಒತ್ತಲಿಲ್ಲ. ಒತ್ತಿದ್ರೆ ಪೆನ್ನಿನ ಯಂತ್ರ ಆ ಹೊತ್ತು ಗುರುತು ಹಾಕುತ್ತೆ, ಯಾರಾದ್ರೂ ಬಂದ್ರೆ ಯಾಕೆ ಆರಿಸಿದೆ ಅಂತ ಕೇಳ್ತಾರೆ, ಮುಚ್ಚಳ ತೆಗೆದ್ರೆ ಪೆಟ್ಟಿಗೆ ಖಾಲಿ… ಇಷ್ಟೆಲ್ಲ ಒಂದೇ ಉಸಿರಲ್ಲಿ ತಲೆಗೆ ಬಂತು. ನಾನು ಅಷ್ಟು ಬುದ್ಧಿವಂತ ಅಂತ ನಂಗೇ ಗೊತ್ತಿರ್ಲಿಲ್ಲ.

ಡೈರೆಕ್ಟರ ಫರ್ನೇಸ್ ಕೋಣೆಗೆ ಓಡಿದೆ. ಬೀಗ ಹಾಕಿತ್ತು. ಕೀಲಿ ಗೇಟಿನವನ ಹತ್ರ, ಗೇಟಿನವನು ಎಲ್ಲೋ ಹೋಗಿದ್ದ. ಕಾದೆ. ಅವನು ಬಂದ. "ಏನ್ರೀ ಮುನ್ನೂರು, ಬೆವೆತಿದೀರಿ" ಅಂದ. ಬಾಗಿಲು ತೆಗೆಸಿ, ಸ್ವಿಚ್ ಬಿಚ್ಚಿ ತಂದು, ನಿಮ್ಮದಕ್ಕೆ ಕೂರಿಸಿ, ಮುಚ್ಚಳ ಹಾಕಿ, ಮುಚ್ಚಳದ ಧೂಳು ಒರೆಸಿದೆ. ಆಮೇಲೆ ಮೇನ್ ಆಫ್ ಮಾಡಿ, ತಂತಿ ಕಟ್ಟಿದೆ. ಎಲ್ಲ ಸೇರಿ ನಲವತ್ತು ನಿಮಿಷ.

ಆ ನಲವತ್ತು ನಿಮಿಷದಿಂದ ಏನೂ ವ್ಯತ್ಯಾಸ ಆಗಿಲ್ಲ ಮೇಡಂ. ಆಗಬೇಕಾಗಿದ್ದೆಲ್ಲ ಶನಿವಾರವೇ ಆಗಿಹೋಗಿತ್ತು, ಲೋಹದ ಲೆಕ್ಕದಲ್ಲಿ ಅದು ಸೊನ್ನೆ. ನೀವೇ ಹಾಕಿ ನೋಡಿ.

ಹೂಂ. ಗೊತ್ತು. ಲೋಹದ ಲೆಕ್ಕ ಕೇಳೋಕೆ ನೀವು ಇಷ್ಟು ದೂರ ಬಂದಿಲ್ಲ.

ಯಜಮಾನರು ಹೋಗಿದ್ರು, ಅದಕ್ಕೇ ನಿಮಗೆ ಹೇಳ್ಲಿಲ್ಲ ಅಂದ್ನಲ್ಲ. ಅವರು ಹೋಗಿದ್ದು ಬುಧವಾರ. ಇದು ಅದಕ್ಕೆ ಎರಡು ದಿನ ಮೊದಲು, ಸೋಮವಾರ.

ಇದನ್ನೂ ಬರೀಬೇಕಾ?

…ಸರಿ. ಕೈ ತೆಗೀರಿ ಮೇಡಂ, ಬರೀತೀನಿ.